"ಯಾವ ಪವರ್ ಟ್ಯೂಬ್ ಹಾಕ್ಲಿ ಅಣ್ಣಾ?"

ಕೊಡಗಿನಲ್ಲಿ ಟ್ಯೂಬ್ (ಹಳೇ ರೇಡಿಯೋದಲ್ಲಿರುತ್ತಿತ್ತಲ್ಲ, ಆ ಗಾಜಿನ ವಾಲ್ವ್) ಇರುವ ಗಿಟಾರ್ ಆಂಪ್ ಇಟ್ಟುಕೊಂಡವರು ಎಷ್ಟು ಜನ ಇದ್ದಾರು? ಬೆರಳೆಣಿಕೆ ಅಂದುಕೊಂಡಿದ್ದೆ. ಆದರೆ ಮಳೆ ನಿಲ್ಲುತ್ತಿದ್ದಂತೆ ಫೋನ್ ಬರಲು ಶುರುವಾಗುತ್ತದೆ. ವಿರಾಜಪೇಟೆಯಿಂದ, ಸೋಮವಾರಪೇಟೆಯಿಂದ, ಕುಶಾಲನಗರದಿಂದ. ಎಲ್ಲರದ್ದೂ ಒಂದೇ ಮಾತು. "ಅಣ್ಣಾ, ಆಂಪ್ ಸೌಂಡು ಡಲ್ ಆಗಿದೆ. ಪವರ್ ಟ್ಯೂಬ್ ಚೇಂಜ್ ಮಾಡ್ಬೇಕು. ಯಾವ ಕಂಪನಿದು ಒಳ್ಳೇದು?"

ಕಂಪನಿ ವಿಷಯ ಕೊನೆಗೆ ಇಟ್ಟುಕೊಳ್ಳೋಣ. ಮೊದಲು ನನಗೆ ಬೇರೆ ಮೂರ್ನಾಲ್ಕು ವಿಷಯ ಗೊತ್ತಾಗಬೇಕು.

ನಿಜಕ್ಕೂ ಹೋಗಿರುವುದು ಪವರ್ ಟ್ಯೂಬೇನಾ, ಅಂದರೆ ಸ್ಪೀಕರನ್ನು ಓಡಿಸುವ ದೊಡ್ಡ ಟ್ಯೂಬೇನಾ? ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನೊಳಗಿನ ಕೋಟಿಗೆ ಬೂಸು ಹಿಡಿಯುತ್ತದೆ. ಆಂಪಿನ ಸಾಕೆಟ್ ಮಾತ್ರ ಬಚಾವಾಗುತ್ತದೆಯೇ? ಒಬ್ಬ ಹುಡುಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಮ್‌ಸ್ಟೇ ಹಾಲಿನ ಮೂಲೆಯಲ್ಲಿಟ್ಟ ಆಂಪನ್ನು ತಂದಿದ್ದ. ಚರಚರ ಸದ್ದು, ನಡುನಡುವೆ ಸೌಂಡೇ ಇಲ್ಲ. ಹೊಸ ಟ್ಯೂಬ್‌ಗೆ ಆಗಲೇ ಆರ್ಡರ್ ಕೊಟ್ಟಾಗಿತ್ತು. ಟ್ಯೂಬ್ ಕಿತ್ತು ನೋಡಿದರೆ ಪಿನ್‌ಗಳೆಲ್ಲ ಕಪ್ಪಗಾಗಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಐದಾರು ಸಲ ಚುಚ್ಚಿ ತೆಗೆದೆ, ಅಷ್ಟೇ. ಹಳೇ ಟ್ಯೂಬಿನಲ್ಲೇ ಇವತ್ತಿಗೂ ಬಾರಿಸುತ್ತಿದ್ದಾನೆ.

ಕೆಲವೊಮ್ಮೆ ತಪ್ಪು ಚಿಕ್ಕ ಟ್ಯೂಬಿನದ್ದು, ಅಂದರೆ ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ 12ಎಎಕ್ಸ್7 ತರಹದ ಪ್ರೀಆಂಪ್ ಟ್ಯೂಬಿನದ್ದು. ಆಂಪ್ ಆನ್ ಇರುವಾಗ ಪೆನ್ಸಿಲ್‌ನಿಂದ ಮೆಲ್ಲಗೆ ಗಾಜನ್ನು ತಟ್ಟಿ. ಸ್ಪೀಕರಿನಲ್ಲಿ ಗಂಟೆ ಹೊಡೆದ ಹಾಗೆ ಕೇಳಿದರೆ ಬದಲಾಯಿಸಬೇಕಾದದ್ದು ಅದನ್ನೇ. ಅದಕ್ಕೆ ಬಯಾಸ್ ಗಿಯಾಸ್ (ಅದೇನು ಅಂತ ಮುಂದೆ ಹೇಳುತ್ತೇನೆ) ಸೆಟ್ ಮಾಡೋದೇನೂ ಬೇಡ, ತೆಗೆದು ಹಾಕಿದರೆ ಆಯಿತು.

ಸರಿ, ಪವರ್ ಟ್ಯೂಬೇ ಹೋಗಿದೆ ಅಂತಿಟ್ಟುಕೊಳ್ಳಿ. ಈಗ ಇರುವ ಟ್ಯೂಬಿನ ಮೇಲಿನ ನಂಬರ್ ಓದಿ, ಅದೇ ನಂಬರಿನದ್ದು ತನ್ನಿ. ಫೆಂಡರ್ ಆಂಪುಗಳಲ್ಲಿ ಹೆಚ್ಚಾಗಿ 6ಎಲ್6 ಅಥವಾ 6ವಿ6 ಇರುತ್ತದೆ. ದೊಡ್ಡ ಮಾರ್ಷಲ್‌ಗಳಲ್ಲಿ ಇಎಲ್34. ವಾಕ್ಸ್ ಎಸಿ30 ಆದರೆ ನಾಲ್ಕು ಇಎಲ್84. "ಇಎಲ್34 ಸೌಂಡು ರಾಕ್‌ಗೆ ಚೆನ್ನಾಗಿರತ್ತಂತೆ, ನನ್ನ 6ಎಲ್6 ಆಂಪಿಗೆ ಹಾಕ್ಬಹುದಾ?" ಅಂತ ಕೇಳುವವರಿದ್ದಾರೆ. ಸಾಕೆಟ್‌ಗೆ ಕೂರುತ್ತದೆ, ಅದೇ ತೊಂದರೆ.

ಈ ತಪ್ಪು ನಾನೇ ಮಾಡಿದ್ದೇನೆ. 6ಎಲ್6 ಆಂಪಿಗೆ ಒಂದು ಜೊತೆ ಇಎಲ್34 ಸಿಕ್ಕಿಸಿ, ಅರ್ಧ ಗಂಟೆ ಖುಷಿಯಾಗಿ ಬಾರಿಸಿದೆ. ಆಮೇಲೆ ವಾರ್ನಿಷ್ ಸುಟ್ಟ ವಾಸನೆ ಬಂತು. ಒಂದು 6ಎಲ್6ರ ಹೀಟರ್‌ಗೆ, ಅಂದರೆ ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿಗೆ, 0.9 ಆಂಪಿಯರ್ ಸಾಕು. ಇಎಲ್34ಕ್ಕೆ 1.5 ಬೇಕು. ಎರಡು ಟ್ಯೂಬಿಗೆ 1.8 ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರ್ ಹತ್ತಿರ 3 ಕೇಳಿದೆ, ಪಾಪ. ಇಎಲ್34ರಲ್ಲಿ ಒಂದನೇ ಪಿನ್‌ಗೆ ಒಳಗೆ ಒಂದು ಗ್ರಿಡ್ (ತಂತಿಯ ಜಾಲರಿ) ಸೇರಿರುತ್ತದೆ, ಅದನ್ನು ಎಂಟನೇ ಪಿನ್‌ಗೆ ಕಟ್ಟಬೇಕು. ನಾನು ಅದನ್ನೂ ನೋಡಿರಲಿಲ್ಲ. ಮೈಸೂರಿಗೆ ಒಯ್ದು ಟ್ರಾನ್ಸ್‌ಫಾರ್ಮರ್ ರೀವೈಂಡ್ ಮಾಡಿಸಿದ ದುಡ್ಡಿನಲ್ಲಿ ಇನ್ನೆರಡು ಜೊತೆ ಟ್ಯೂಬ್ ಬರುತ್ತಿತ್ತು.

ಇನ್ನು ಬಯಾಸ್. ಹಾಡು ಇಲ್ಲದಾಗಲೂ ಟ್ಯೂಬಿನಲ್ಲಿ ಸ್ವಲ್ಪ ಕರೆಂಟ್ ಹರಿಯುತ್ತಿರಬೇಕು. ಜೀಪಿನ ಐಡ್ಲಿಂಗ್ ಇದ್ದ ಹಾಗೆ. ಕಡಿಮೆಯಾದರೆ ಸೌಂಡು ಒರಟು, ಜಾಸ್ತಿಯಾದರೆ ಟ್ಯೂಬ್ ಸುಟ್ಟೀತು. ಎಸಿ30 ತರಹದ ಕ್ಯಾಥೋಡ್ ಬಯಾಸ್ ಆಂಪಿನಲ್ಲಿ ಅದು ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ, ಒಂದೇ ಅಳತೆಯ ಜೋಡಿ ಹಾಕಿದರೆ ಸಾಕು. ಫಿಕ್ಸೆಡ್ ಬಯಾಸ್ ಆಂಪಿನಲ್ಲಿ ಪ್ರತಿ ಸಲ ಸೆಟ್ ಮಾಡಿಸಬೇಕು. ಹೆಸರು ಕೇಳಿ ಮೋಸ ಹೋಗಬೇಡಿ, ಫಿಕ್ಸೆಡ್ ಅಂದರೆ ಮುಟ್ಟಬಾರದು ಅಂತಲ್ಲ.

ಲೆಕ್ಕ ಸುಲಭ. ಇಎಲ್34ರ ಪ್ಲೇಟ್, ಅಂದರೆ ಒಳಗೆ ಕರೆಂಟ್ ಬಂದು ಸೇರುವ ಲೋಹದ ತಗಡು, ತಡೆಯುವುದು 25 ವ್ಯಾಟ್. ಸುಮ್ಮನೆ ಇರುವಾಗ ಅದರ ಶೇಕಡಾ 70, ಅಂದರೆ 17.5 ವ್ಯಾಟ್ ದಾಟದಿದ್ದರೆ ಒಳ್ಳೆಯದು. ಪ್ಲೇಟ್ ವೋಲ್ಟೇಜ್ 450 ಇದ್ದರೆ 17.5 ಅನ್ನು ಅದರಿಂದ ಭಾಗಿಸಿ, ಒಂದು ಟ್ಯೂಬಿಗೆ ಸುಮಾರು 39 ಮಿಲಿಆಂಪಿಯರ್ ಆಯಿತು. 30 ವ್ಯಾಟಿನ 6ಎಲ್6ಜಿಸಿಗೆ ಅದೇ ಲೆಕ್ಕದಲ್ಲಿ ಸುಮಾರು 47 ಬರುತ್ತದೆ. ಲೆಕ್ಕ ನೀವು ಮಾಡಿ, ಅಳತೆ ಮಾತ್ರ ಗೊತ್ತಿದ್ದವರಿಂದ ಮಾಡಿಸಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನಾನೂರು ವೋಲ್ಟ್ ಕೂತಿರುತ್ತದೆ. ಆ ಏಟು ತಮಾಷೆಯಲ್ಲ.

ನಮ್ಮ ಕಡೆ ಇನ್ನೊಂದು ರಗಳೆ ಇದೆ, ವೋಲ್ಟೇಜು. ಸಂಜೆ ದೀಪ ಕೆಂಪಗೆ ಮಿಣಮಿಣ ಅನ್ನುತ್ತದೆ, ನಡುರಾತ್ರಿ ಮೀಟರ್ 250 ತೋರಿಸುತ್ತದೆ. ನಿಮ್ಮ ಆಂಪ್ 220ಕ್ಕೆ ಕಟ್ಟಿದ್ದಾದರೆ, 250 ಬಂದಾಗ 6.3 ವೋಲ್ಟ್ ಸಿಗಬೇಕಾದ ಹೀಟರ್‌ಗೆ 7.1ರ ಮೇಲೆ ಹೋಗುತ್ತದೆ. ಪ್ಲೇಟಿನ 450 ಏರಿ 510 ಮುಟ್ಟುತ್ತದೆ. ಹಗಲು ಸೆಟ್ ಮಾಡಿದ ಬಯಾಸ್ ರಾತ್ರಿಗೆ ಸುಳ್ಳು. ಎಷ್ಟೇ ದುಬಾರಿ ಟ್ಯೂಬ್ ತಂದರೂ ಇದನ್ನು ತಡೆಯುವುದಿಲ್ಲ. ಟ್ಯೂಬಿಗೆ ಮೊದಲು ಒಂದು ಒಳ್ಳೆ ಸ್ಟೆಬಿಲೈಸರ್ ತಗೊಳ್ಳಿ ಅಂದರೆ ಯಾರಿಗೂ ರುಚಿಸುವುದಿಲ್ಲ. ಸ್ಟೆಬಿಲೈಸರ್ ಫೋಟೋ ಯಾರು ಹಾಕುತ್ತಾರೆ, ಅಲ್ವಾ?

ಈಗ ಕಂಪನಿ. ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ಲೇ ವಾಲ್ವ್ ಮಾಡುತ್ತಿತ್ತು. ಅಜ್ಜನ ಕಾಲದ ವಾಲ್ವ್ ರೇಡಿಯೋ ಅಟ್ಟದಲ್ಲಿದ್ದರೆ ಒಮ್ಮೆ ಇಣುಕಿ ನೋಡಿ, ಬಿಇಎಲ್ ಅಂತ ಬರೆದ ಒಂದು ಇಎಲ್84 ಸಿಕ್ಕರೂ ಸಿಗಬಹುದು. ಈಗ ಉಳಿದಿರುವ ಫ್ಯಾಕ್ಟರಿಗಳು ಕೈಬೆರಳಿಗಿಂತ ಕಡಿಮೆ. ಸ್ಲೊವಾಕಿಯಾದಲ್ಲಿ ಜೆಜೆ, ರಷ್ಯಾದ ಸರಾಟೊವ್‌ನಲ್ಲಿ ಒಂದು, ಚೀನಾದಲ್ಲಿ ಕೆಲವು. ಸೋವ್‌ಟೆಕ್, ಎಲೆಕ್ಟ್ರೋ ಹಾರ್ಮೋನಿಕ್ಸ್, ಈಗಿನ ಟಂಗ್‌ಸೋಲ್, ಈಗಿನ ಮುಲ್ಲಾರ್ಡ್ ಎಲ್ಲ ಆ ಸರಾಟೊವ್ ಮನೆಯ ಮಕ್ಕಳೇ. ಹಳೇ ಮುಲ್ಲಾರ್ಡ್ ಇಂಗ್ಲೆಂಡಿನದ್ದು, ಈಗಿನದಕ್ಕೂ ಅದಕ್ಕೂ ಹೆಸರಿನ ನೆಂಟಸ್ತಿಕೆ ಮಾತ್ರ.

ಹಾಗಂತ ಎಲ್ಲ ಒಂದೇ ಅಂತಲ್ಲ. 6ವಿ6 ಆಂಪಿನಲ್ಲಿ ವೋಲ್ಟೇಜ್ ಜಾಸ್ತಿ ಇದ್ದರೆ ನಾನು ಕಣ್ಣು ಮುಚ್ಚಿ ಜೆಜೆ ಹಾಕುತ್ತೇನೆ, ಗಟ್ಟಿ ಜೀವ ಅದು. ಉಳಿದ ಕಡೆ ಅಳತೆ ನೋಡಿ ಜೋಡಿ ಮಾಡಿದ್ದು ಯಾವುದು ಸಿಕ್ಕರೂ ನನಗೆ ನಡೆಯುತ್ತದೆ. ಸೌಂಡಿನ ವ್ಯತ್ಯಾಸ ಬೇಕಿದ್ದರೆ ಸ್ಪೀಕರ್ ಬದಲಾಯಿಸಿ ನೋಡಿ, ಕಿವಿಗೆ ಬೇಗ ತಿಳಿಯುತ್ತದೆ.

ಪಾರ್ಸೆಲ್ ಬಂದ ಕೂಡಲೇ ಗಾಜಿನ ಒಳಗಿನ ಬೆಳ್ಳಿ ಬಣ್ಣದ ಲೇಪ ನೋಡಿ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ದಾರಿಯಲ್ಲಿ ಗಾಳಿ ಹೊಕ್ಕಿದೆ, ಹಾಕಲೇಬೇಡಿ, ವಾಪಸ್ ಕಳಿಸಿ. ಸರಿ ಇದ್ದರೆ ಸ್ಪೀಕರ್ ಸಿಕ್ಕಿಸಿದೆಯಾ ಅಂತ ಎರಡು ಸಲ ನೋಡಿಕೊಂಡು ಆನ್ ಮಾಡಿ, ಕೋಣೆಯ ದೀಪ ಆರಿಸಿ, ಕಾಲು ಗಂಟೆ ಟ್ಯೂಬನ್ನೇ ನೋಡುತ್ತಾ ಕೂತಿರಿ. ಗಾಜಿನ ಮೇಲೆ ನೀಲಿ ಮಿನುಗು ಕಂಡರೆ ಹೆದರಬೇಡಿ, ಅದು ಮಾಮೂಲಿ. ಒಳಗಿನ ಬೂದು ಪ್ಲೇಟು ಕೆಂಡದ ಹಾಗೆ ಕೆಂಪಾಗುತ್ತಾ ಬಂದರೆ ಮಾತ್ರ ತಕ್ಷಣ ಆಫ್ ಮಾಡಿ, ಆಮೇಲೆ ನನಗೆ ಫೋನ್ ಮಾಡಿ.