ಸಿಂಗಪುರದ ಕೊನೆಯ ಮಧ್ಯಾಹ್ನ, ಟ್ಯಾಂಪನೀಸ್ ಮಾಲ್‌ಗಳಲ್ಲಿ

ತುಮಕೂರಿನಿಂದ ಪ್ಯಾಕೇಜ್ ಟೂರಿನಲ್ಲಿ ಸಿಂಗಪುರಕ್ಕೆ ಹೋದವರ ಖರೀದಿಯೆಲ್ಲ ಆರ್ಚರ್ಡ್ ರಸ್ತೆ, ಮುಸ್ತಫಾ ಸೆಂಟರ್‌ಗೇ ಮುಗಿದುಹೋಗುತ್ತದೆ. ವಾಪಸ್ ವಿಮಾನ ರಾತ್ರಿಯದಾಗಿದ್ದರೆ ಕೊನೆಯ ಮಧ್ಯಾಹ್ನಕ್ಕೆ ಟ್ಯಾಂಪನೀಸ್ ಬಡಾವಣೆಯೇ ಮೇಲು. ಅಲ್ಲಿನ ಸಂಸಾರಸ್ಥರು ದಿನಸಿ, ಮಕ್ಕಳ ಶೂ ಕೊಳ್ಳುವ ಜಾಗ ಅದು. ಟ್ಯಾಂಪನೀಸ್ ಮಾಲ್, ಸೆಂಚುರಿ ಸ್ಕ್ವೇರ್, ಟ್ಯಾಂಪನೀಸ್ ಒನ್ ಮೂರೂ ಮೆಟ್ರೊ ಸ್ಟೇಷನ್ನಿನ ಮಗ್ಗುಲಲ್ಲೇ ಇವೆ.

ಸೂಟ್‌ಕೇಸುಗಳನ್ನು ಚಾಂಗಿ ವಿಮಾನ ನಿಲ್ದಾಣದ ಬ್ಯಾಗೇಜ್ ಸ್ಟೋರೇಜ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಇಟ್ಟು, ಅಲ್ಲಿಂದಲೇ ಮೆಟ್ರೊ ಹತ್ತಿ. ತಾನಾ ಮೇರಾದಲ್ಲಿ ಇಳಿದು ಪಾಸಿರ್ ರಿಸ್ ಕಡೆಯ ರೈಲು ಹಿಡಿದರೆ ಎರಡನೇ ಸ್ಟೇಷನ್ನೇ ಟ್ಯಾಂಪನೀಸ್. ಗೇಟಿಗೆ ನಮ್ಮ ಬ್ಯಾಂಕಿನ ವೀಸಾ ಕಾರ್ಡನ್ನೋ ಮಾಸ್ಟರ್‌ಕಾರ್ಡನ್ನೋ ಮುಟ್ಟಿಸಿದರೆ ಸಾಕು, ಆದರೆ ಒಂದು ಕಾರ್ಡಿಗೆ ಒಬ್ಬರೇ. ಗಂಡ ಹೆಂಡತಿಗೆ ಬೇರೆ ಬೇರೆ ಕಾರ್ಡ್ ಬೇಕು. ವಿದೇಶಿ ಕಾರ್ಡಿಗೆ ದಿನಕ್ಕೆ 60 ಸೆಂಟ್ ಶುಲ್ಕ ಬೇರೆ. ಊರು ಬಿಡುವ ಮೊದಲೇ ಬ್ಯಾಂಕ್ ಆ್ಯಪಿನಲ್ಲಿ ‘ಇಂಟರ್‌ನ್ಯಾಷನಲ್’, ‘ಕಾಂಟ್ಯಾಕ್ಟ್‌ಲೆಸ್’ ಎರಡನ್ನೂ ಆನ್ ಮಾಡಿ. ಒಂದನ್ನು ಮರೆತರೂ ಗೇಟು ತೆರೆಯದು.

ಮಂಡಿಪೇಟೆಯ ಚೌಕಾಸಿ ಇಲ್ಲಿ ನಡೆಯದು, ಬರೆದಿದ್ದೇ ರೇಟು. ಕಾರ್ಡ್ ಮಷೀನ್ ‘ರೂಪಾಯಿಯೋ, ಡಾಲರೋ’ ಎಂದು ಕೇಳಿದರೆ ಸಿಂಗಪುರ ಡಾಲರನ್ನೇ ಒತ್ತಿ. ರೂಪಾಯಿ ಲೆಕ್ಕದಲ್ಲಿ ಅವರ ಕಮಿಷನ್ ಸೇರಿರುತ್ತದೆ. ಶೂ ಕೊಳ್ಳುವಾಗ ನಾಲಗೆಯ ಒಳಗಿನ ಚೀಟಿ ತಿರುಗಿಸಿ ನೋಡಿ: ನಮ್ಮ 8 ಯುಕೆ ಅಳತೆ, ಅಲ್ಲಿ ದೊಡ್ಡದಾಗಿ ಬರೆದಿರುವುದು ಎಷ್ಟೋ ಸಲ ಯುಎಸ್ ಅಳತೆ.

ಸಸ್ಯಾಹಾರಿಗಳು ಫುಡ್ ಕೋರ್ಟಿನಲ್ಲಿ ಎಚ್ಚರ. ಹಸಿರು ದಂಟಿನ ಕಾಂಗ್‌ಕಾಂಗ್ ಎಂಬ ಸೊಪ್ಪು ಥೇಟ್ ನಮ್ಮ ಸೊಪ್ಪಿನ ಪಲ್ಯದಂತೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಅದನ್ನು ಬಾಡಿಸುವುದೇ ಬೆಲಾಚಾನ್ ಎಂಬ ಸೀಗಡಿ ಪೇಸ್ಟಿನಲ್ಲಿ. ಬರೀ ‘ವೆಜ್’ ಎಂದರೆ ಸಾಲದು. ಸೀಗಡಿ, ಮೀನು, ಮೊಟ್ಟೆ, ಆಯ್‌ಸ್ಟರ್ ಸಾಸ್ ಒಂದೊಂದನ್ನೂ ಹೆಸರಿಟ್ಟು ಕೇಳಿ. ‘ಕೋಪಿ’ ಎಂದರೆ ಕಂಡೆನ್ಸ್ಡ್ ಹಾಲಿನ ಸಿಹಿ ಕಾಫಿ. ನಮ್ಮ ಬಾಯಿಗೆ ಸರಿಹೋಗುವುದು ‘ಕೋಪಿ ಸಿ ಸಿಯು ಡೈ’: ಸಿಹಿಯಿಲ್ಲದ ಗಟ್ಟಿ ಹಾಲು, ಕಡಿಮೆ ಸಕ್ಕರೆ. ತಿಂದ ಟ್ರೇ ನೀವೇ ಎತ್ತಿಡಬೇಕು, ಅದು ಕಾನೂನು.

ಬೆಲೆಯಲ್ಲಿ ಶೇ. 9 ಜಿಎಸ್‌ಟಿ ಸೇರಿರುತ್ತದೆ. ರೀಫಂಡ್ ಯೋಜನೆಯಲ್ಲಿರುವ ಅಂಗಡಿಯಲ್ಲಿ 100 ಡಾಲರಿಗೆ ಕಡಿಮೆಯಿಲ್ಲದಂತೆ ಕೊಂಡರೆ ಪ್ರವಾಸಿಗರಿಗೆ ಸೇವಾಶುಲ್ಕ ಕಳೆದು ವಾಪಸ್ ಸಿಗುತ್ತದೆ. ಒಂದೇ ಅಂಗಡಿಯ ಅದೇ ದಿನದ ಮೂರು ಬಿಲ್ಲುಗಳವರೆಗೆ ಕೂಡಿಸಬಹುದು: 60, 45 ಡಾಲರಿನ ಎರಡು ಬಿಲ್ಲಾದರೂ ಆಯಿತು. ಬಿಲ್ ಹಾಕಿಸುವಾಗ ಅಸಲಿ ಪಾಸ್‌ಪೋರ್ಟ್ ಕೈಯಲ್ಲಿರಲಿ, ಜೆರಾಕ್ಸ್ ನಡೆಯದು.

ಹೆಚ್ಚಿನವರು ಎಡವುವುದು ಚಾಂಗಿಯಲ್ಲಿ. ಲಗೇಜ್ ಚೆಕ್-ಇನ್ ಮಾಡಿಬಿಟ್ಟು ಆಮೇಲೆ ರೀಫಂಡ್ ಕೇಳುವ ಯಂತ್ರ, ಅಂದರೆ ಕಿಯಾಸ್ಕ್ ಹುಡುಕುತ್ತಾರೆ. ಕಿಯಾಸ್ಕ್ ‘ಮಾಲು ತೋರಿಸಿ’ ಎಂದರೆ ಅಷ್ಟರಲ್ಲಿ ಸೂಟ್‌ಕೇಸ್ ಬೆಲ್ಟಿನಲ್ಲಿ ಹೋಗಿಯಾಗಿರುತ್ತದೆ. ಸೂಟ್‌ಕೇಸಿಗೆ ಹಾಕುವ ಸಾಮಾನಿದ್ದರೆ ಮೊದಲು ಕಿಯಾಸ್ಕ್, ಆಮೇಲೆ ಚೆಕ್-ಇನ್. ಇದಕ್ಕೆಂದೇ ಅರ್ಧ ಗಂಟೆ ಮುಂಚೆ ಬನ್ನಿ. ಕೊಂಡ ಸಾಮಾನು ಬಟ್ಟೆಯ ಅಡಿಯಲ್ಲಿ ಹೂತಿರದೆ ಮೇಲೆಯೇ ಇರಲಿ.