ಸೇನೆ ಹಿಂದಕ್ಕೆ ಬಂದರೆ ಮಾತ್ರ ನೆರವು

1994ರ ಜುಲೈ 10ರಂದು ಇಟಲಿಯ ನೇಪಲ್ಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಜೊತೆ ಪತ್ರಕರ್ತರೆದುರು ನಿಂತಿದ್ದ ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಅವರಿಗೆ, ಸೋವಿಯತ್ ಒಕ್ಕೂಟ ಒಡೆದ ಮೇಲೂ ಅಲ್ಲೇ ಉಳಿದಿದ್ದ ರಷ್ಯಾದ ಪಡೆಗಳು ಆಗಸ್ಟ್ ಮುಗಿಯುವುದರೊಳಗೆ ಎಸ್ಟೋನಿಯಾವನ್ನು ಬಿಡುತ್ತವೆಯೇ ಎಂಬ ಪ್ರಶ್ನೆ ಎದುರಾಯಿತು. ಅವರು ಇಲ್ಲ ಎಂದರು. ಕೆಲವೇ ದಿನಗಳಲ್ಲಿ ಅಮೆರಿಕದ ಸೆನೆಟ್, ಪಡೆಗಳು ಆಗಸ್ಟ್ 31ರೊಳಗೆ ಹೊರಡದಿದ್ದರೆ ರಷ್ಯಾಕ್ಕೆ ನೆರವು ನಿಲ್ಲಬೇಕೆಂದು ಮತ ಹಾಕಿತು. ಜುಲೈ 26ರಂದು ಅದೇ ಯೆಲ್ಟ್ಸಿನ್ ಎಸ್ಟೋನಿಯಾದ ಅಧ್ಯಕ್ಷ ಲೆನ್ನಾರ್ಟ್ ಮೆರಿ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಗಡುವಿನ ದಿನಕ್ಕೆ ಪಡೆಗಳು ಹೊರಟಿದ್ದವು. ವಿದೇಶಿ ನೆರವಿಗೆ ಸೇನೆ ವಾಪಸಾತಿಯ ಷರತ್ತು ಹಾಕಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಈ ಕಥೆಯಲ್ಲಿ ಬೆದರಿಕೆಯ ಪಾಲನ್ನು ನಾವು ಹೆಚ್ಚಾಗಿ ಎಣಿಸುತ್ತಿದ್ದೇವೆ ಎಂಬುದು ನನ್ನ ಅನುಮಾನ.

ಎಸ್ಟೋನಿಯಾ, ಲಾಟ್ವಿಯಾದಂಥ ಬಾಲ್ಟಿಕ್ ನಾಡುಗಳಲ್ಲಿ ದಶಕಗಳಿಂದ ನೆಲೆಸಿದ್ದ ಸೋವಿಯತ್ ಸೇನಾಧಿಕಾರಿಗೆ ಅಲ್ಲಿ ಮನೆಯಿತ್ತು, ಮಕ್ಕಳ ಶಾಲೆಯಿತ್ತು. ಹಿಂದಿರುಗಿದರೆ ರಷ್ಯಾದಲ್ಲಿ ತಲೆಯ ಮೇಲೆ ಸೂರೇ ಇರಲಿಲ್ಲ. ಸೇನೆಯನ್ನು ಕರೆಸಿಕೊಳ್ಳಿ ಎನ್ನುವುದೆಂದರೆ ಸಾವಿರಾರು ಕುಟುಂಬಗಳಿಗೆ ವಸತಿ ಹುಡುಕಿ ಎಂದೇ ಅರ್ಥವಾಗಿತ್ತು. ಆದ್ದರಿಂದಲೇ ಅಮೆರಿಕ ಒಂದು ಕೈಯಲ್ಲಿ ನೆರವು ಕಡಿತದ ಮಾತಾಡುತ್ತಲೇ, ಇನ್ನೊಂದು ಕೈಯಿಂದ ಮರಳುವ ಅಧಿಕಾರಿಗಳ ಮನೆಗಳಿಗೆ ಹಣ ಕೊಟ್ಟಿತು. ಎಸ್ಟೋನಿಯಾ ತನ್ನ ನೆಲದಲ್ಲೇ ಉಳಿಯಲಿದ್ದ ನಿವೃತ್ತ ಸೈನಿಕರಿಗೆ ಸಾಮಾಜಿಕ ಭದ್ರತೆಯ ಭರವಸೆ ನೀಡುವ ಮತ್ತೊಂದು ಒಪ್ಪಂದಕ್ಕೆ ಜುಲೈ 26ರಂದೇ ಮನಸ್ಸಿಲ್ಲದೆ ಸಹಿ ಹಾಕಿತು. ಲಾಟ್ವಿಯಾ ತನ್ನ ನೆಲದ ಸ್ಕ್ರುಂಡಾದಲ್ಲಿದ್ದ ಸೋವಿಯತ್ ಕಾಲದ ರೇಡಾರ್ ಕೇಂದ್ರವನ್ನು 1998ರ ಆಗಸ್ಟ್‌ವರೆಗೆ ನಡೆಸಿಕೊಳ್ಳಲು ರಷ್ಯಾಕ್ಕೆ ಬಿಟ್ಟುಕೊಟ್ಟಿತು. ಅಲ್ಲಿ ಅರ್ಧಕ್ಕೆ ನಿಂತಿದ್ದ ಹೊಸ ರೇಡಾರಿನ ಹತ್ತೊಂಬತ್ತು ಅಂತಸ್ತಿನ ಕಟ್ಟಡವನ್ನು ಮಾತ್ರ 1995ರ ಮೇ 4ರಂದು ಸಿಡಿಮದ್ದಿಟ್ಟು ಉರುಳಿಸಲಾಯಿತು. ಪೂರ್ವ ಜರ್ಮನಿಯಲ್ಲಿದ್ದ ಪಡೆಗಳ ವಿಷಯದಲ್ಲಂತೂ ಜರ್ಮನಿ ಷರತ್ತಿನ ಗೊಡವೆಗೇ ಹೋಗದೆ, 1200 ಕೋಟಿ ಮಾರ್ಕ್‌ಗಳನ್ನು ಕೊಟ್ಟು, ಮೇಲೆ ಬಡ್ಡಿಯಿಲ್ಲದ ಸಾಲವನ್ನೂ ಸೇರಿಸಿ ಕಳುಹಿಸಿಕೊಟ್ಟಿತು.

ಇವೆಲ್ಲಕ್ಕಿಂತ ಮುಖ್ಯವಾಗಿ, ಆ ಪಡೆಗಳು ಅಲ್ಲಿವೆ ಎಂಬುದನ್ನು ರಷ್ಯಾ ಎಂದೂ ಅಲ್ಲಗಳೆದಿರಲಿಲ್ಲ. ಎಣಿಸಬಹುದಾದ ಸೇನೆಗೆ ಮಾತ್ರ ದಿನಾಂಕ ಗೊತ್ತುಪಡಿಸಲು ಸಾಧ್ಯ.

ಪೂರ್ವ ಕಾಂಗೋದಲ್ಲಿ ಷರತ್ತು ಎಡವುವುದು ಇಲ್ಲಿಯೇ. 2012ರ ನವೆಂಬರ್‌ನಲ್ಲಿ, ನೆರೆಯ ರುವಾಂಡಾದ ಬೆಂಬಲವಿದೆಯೆಂಬ ಆರೋಪವಿದ್ದ ಎಂ23 ಬಂಡುಕೋರರು ಗೋಮಾ ನಗರವನ್ನು ಹಿಡಿದಾಗ ಬ್ರಿಟನ್ ರುವಾಂಡಾಕ್ಕೆ ಕೊಡಬೇಕಿದ್ದ 2.1 ಕೋಟಿ ಪೌಂಡ್‌ಗಳ ಕಂತನ್ನು ತಡೆಹಿಡಿಯಿತು. ಮರುವರ್ಷ ಎಂ23 ಸೋತಿತು. ಅದರ ಹಿಂದೆ ನೆರವಿನ ಒತ್ತಡದಷ್ಟೇ ವಿಶ್ವಸಂಸ್ಥೆಯ ಹೋರಾಟದ ತುಕಡಿಯ ಪಾಲೂ ಇತ್ತು. ಮುಂದೆ ಅದೇ ಬಂಡುಕೋರರು ಮರಳಿ ಬಂದು 2025ರ ಜನವರಿಯಲ್ಲಿ ಗೋಮಾವನ್ನು ಮತ್ತೆ ವಶಪಡಿಸಿಕೊಂಡರು. ಅವರ ಜೊತೆ ರುವಾಂಡಾದ ಮೂರರಿಂದ ನಾಲ್ಕು ಸಾವಿರ ಸೈನಿಕರಿದ್ದಾರೆಂದು ವಿಶ್ವಸಂಸ್ಥೆಯ ತಜ್ಞರು 2024ರಲ್ಲೇ ಅಂದಾಜಿಸಿದ್ದರೂ, ರುವಾಂಡಾ ಅದನ್ನು ಒಪ್ಪಿಕೊಂಡಿರಲಿಲ್ಲ. ಇಲ್ಲದ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳುವುದು ಹೇಗೆ?

ಕೊಡುವವರ ಕೈಯೂ ಇಲ್ಲಿ ನಡುಗುತ್ತದೆ. ರುವಾಂಡಾಕ್ಕೆ ಕೊಡುವ ನೆರವು ಶಾಲೆ, ಆಸ್ಪತ್ರೆಗಳಿಗೆ ಹೋಗುವುದರಿಂದ ಅದನ್ನು ನಿಲ್ಲಿಸಿದರೆ ಪೆಟ್ಟು ಬೀಳುವುದು ಸೇನಾಧಿಪತಿಗಳಿಗಲ್ಲ ಎಂಬ ಅಳುಕು ಸಹಜವೇ. 2025ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತೆ ನೆರವು ತಡೆದಾಗಲೂ ಬಡವರಿಗಾಗಿ ನೀಡುವ ನೆರವನ್ನು ಹೊರಗಿಟ್ಟಿತು. ಆದರೆ ಐರೋಪ್ಯ ಒಕ್ಕೂಟ 2024ರ ನವೆಂಬರ್‌ನಲ್ಲಿ, ಗೋಮಾ ಬೀಳಲು ಕೇವಲ ಎರಡು ತಿಂಗಳಿರುವಾಗ, ಮೊಜಾಂಬಿಕ್‌ನಲ್ಲಿ ಬಂಡುಕೋರರ ವಿರುದ್ಧ ಹೋರಾಡುತ್ತಿದ್ದ ಇದೇ ರುವಾಂಡಾ ಸೇನೆಗೆ 2 ಕೋಟಿ ಯೂರೋ ಮಂಜೂರು ಮಾಡಿತ್ತು. ಬಡವರ ಹೊಟ್ಟೆಯ ಮೇಲೆ ಹೊಡೆಯದೆ ಷರತ್ತು ಹಾಕಲು ಇದಕ್ಕಿಂತ ಸೂಕ್ತವಾದ ಹಣ ಬೇರೆ ಇರಲಿಲ್ಲ.

2025ರ ಜೂನ್ 27ರಂದು ವಾಷಿಂಗ್ಟನ್‌ನಲ್ಲಿ ಕಾಂಗೋ ಮತ್ತು ರುವಾಂಡಾ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದಾಗಲೂ, ರುವಾಂಡಾ ಮಾಡಬೇಕಾದ ಕೆಲಸಕ್ಕೆ ಅದರಲ್ಲಿ ಸೇನೆ ವಾಪಸಾತಿ ಎಂಬ ಹೆಸರು ಸಿಗಲಿಲ್ಲ. ರುವಾಂಡಾ ತನ್ನ ‘ರಕ್ಷಣಾತ್ಮಕ ಕ್ರಮಗಳನ್ನು’ ಸಡಿಲಿಸಬೇಕು ಎಂದಷ್ಟೇ ಬರೆಯಲಾಯಿತು.