ರಿಪೇರಿನಾ, ಹೊಸದಾ? ಮೊಬೈಲ್ ರಿಪೇರಿ ಟೇಬಲ್‌ನಿಂದ ಒಂದಿಷ್ಟು

ಚಿಕ್ಕಮಗಳೂರಿನಲ್ಲಿ ಮೊಬೈಲ್ ರಿಪೇರಿ ಮಾಡುವವರಿಗೆ ಮಳೆಗಾಲದಲ್ಲಿ ಪುರುಸೊತ್ತಿರುವುದಿಲ್ಲ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯಿಂದ ಬರುವುದೆಲ್ಲ ಜಾಸ್ತಿ ನೀರು ಕುಡಿದ ಫೋನುಗಳೇ. ಜರ್ಕಿನ್ ಜೇಬಿನಲ್ಲಿ ನೆನೆದದ್ದು, ತೋಟದ ಚರಂಡಿಯಲ್ಲಿ ಬಿದ್ದದ್ದು. ಎಲ್ಲರೂ ಕೇಳುವುದು ಒಂದೇ: "ಅಣ್ಣ, ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?"

ಫೋನ್ ಬಿಚ್ಚದೆ ಇದಕ್ಕೆ ಉತ್ತರ ಹೇಳುವವರನ್ನು ನಂಬಬೇಡಿ. ಕೆಟ್ಟಿರುವುದು ಬದಲಾಯಿಸಬಹುದಾದ ಪಾರ್ಟಾ, ಎಲ್ಲವನ್ನೂ ನಡೆಸುವ ಒಳಗಿನ ಬೋರ್ಡಾ ಅಂತ ಮೊದಲು ಗೊತ್ತಾಗಬೇಕು.

ಬ್ಯಾಟರಿ, ಚಾರ್ಜಿಂಗ್ ಪಿನ್, ಸ್ಪೀಕರ್ ಆದರೆ ಸುಮ್ನೆ ಹಾಕಿಸಿಕೊಳ್ಳಿ. ಬ್ಯಾಟರಿ ಎಷ್ಟು ಜೋಪಾನ ಮಾಡಿದರೂ ಸವೆಯುತ್ತದೆ. ಐಫೋನ್ 14ರ ತನಕದ ಬ್ಯಾಟರಿಗೆ ಆಪಲ್‌ನವರೇ ಹೇಳುವ ಲೆಕ್ಕ, 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದ ಮೇಲೆ ಶೇ 80ರಷ್ಟು ಉಳಿಯುತ್ತದೆ ಅಂತ. ಬ್ಯಾಟರಿ ಉಬ್ಬಿ ಹಿಂದಿನ ಕವರ್ ಎದ್ದಿದ್ದರೆ ಮಾತ್ರ ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ, ಬೆಂಕಿ ಹತ್ತಬಹುದು.

ಡಿಸ್ಪ್ಲೇ ಹೋದಾಗಲೇ ಚೌಕಾಸಿ ಶುರುವಾಗುವುದು. ಅಮೋಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪರದೆ) ಫೋನಿಗೆ ಒರಿಜಿನಲ್ ಫೋಲ್ಡರ್, ಅಂದರೆ ಗ್ಲಾಸ್ ಸಮೇತ ಪೂರ್ತಿ ಡಿಸ್ಪ್ಲೇ, ರೇಟು ಕೇಳಿದರೆ ತಲೆ ತಿರುಗುತ್ತದೆ. ಕಡಿಮೆಗೆ ಸಿಗುವ ಕಾಪಿ ಎಷ್ಟೋ ಸಲ ಎಲ್‌ಸಿಡಿ ಆಗಿರುತ್ತದೆ. ಅದನ್ನು ಹಾಕಿದರೆ ಗ್ಲಾಸ್ ಕೆಳಗಿನ ಫಿಂಗರ್‌ಪ್ರಿಂಟ್ ಕೆಲಸ ಮಾಡುವುದಿಲ್ಲ. ಆ ಸೆನ್ಸರ್‌ಗೆ ಬೆಳಕು ಪರದೆಯ ಮೂಲಕವೇ ಹೋಗಿ ಬರಬೇಕು, ಎಲ್‌ಸಿಡಿ ಹಿಂದೆ ಬ್ಯಾಕ್‌ಲೈಟ್ ಹಾಳೆ ಅಡ್ಡ ಇರುತ್ತದೆ. ಹಾಕಿಸುವ ಮೊದಲೇ ಕೇಳಿಬಿಡಿ. ಇನ್ನೊಂದು ವಿಷಯ. "ಹದಿನೆಂಟು ಸಾವಿರ ಕೊಟ್ಟಿದ್ದೆ" ಅನ್ನುವ ಲೆಕ್ಕ ಬಿಡಿ. ಅದೇ ಮಾಡೆಲ್ ಇವತ್ತು ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತದೆ ನೋಡಿ. ರಿಪೇರಿ ಅದರ ಅರ್ಧ ದಾಟಿದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಅಂಗಡಿಗೆ ನಷ್ಟ ಅಲ್ವಾ ಅಂತೀರಿ. ಆದರೆ ಅದೇ ಗಿರಾಕಿ ಮುಂದಿನ ಸಲ ಮನೆಯವರ ಫೋನನ್ನೂ ತರುತ್ತಾರೆ.

ಬೋರ್ಡ್ ಹೋಗಿದ್ದರೆ ಕಥೆಯೇ ಬೇರೆ. ಬ್ಯಾಟರಿ ತೆಗೆದು, ಟೇಬಲ್ ಮೇಲಿನ ಡಿಸಿ ಪವರ್ ಸಪ್ಲೈಯಿಂದ ನಾಲ್ಕು ವೋಲ್ಟ್ ಆಸುಪಾಸು ಕೊಡುತ್ತೇನೆ. ಪವರ್ ಬಟನ್ ಒತ್ತುವ ಮೊದಲೇ ಆಂಪಿಯರ್ ಮುಳ್ಳು ಮೇಲೆದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ ಅಂತ. ಅಕ್ಕಿ ಡಬ್ಬದಲ್ಲಿ ಎರಡು ದಿನ ಇಟ್ಟು ತಂದವುಗಳಲ್ಲಿ ಇದು ಮಾಮೂಲು. ಬೋರ್ಡಿನ ಮೇಲಿನ ಲೋಹದ ಮುಚ್ಚಳದ (ಶೀಲ್ಡ್) ಕೆಳಗಿನ ನೀರನ್ನು ಅಕ್ಕಿ ಹೀರುವುದಿಲ್ಲ, ಅಷ್ಟು ಹೊತ್ತಿಗೆ ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಫೋನ್ ನೆಂದರೆ ಆಫ್ ಮಾಡಿ, ಆನ್ ಆಗುತ್ತಾ ಅಂತ ಒತ್ತಿ ನೋಡದೆ ಅವತ್ತೇ ತನ್ನಿ.

ಹಾಗೆ ಬಂದವರಿಗೆ ನಾನು ಕೇಳುವುದು, "ಒಳಗೆ ಏನಿದೆ?" ಯಾಕೆಂದರೆ ರಿಪೇರಿ, ಹೊಸದು ಎರಡರ ನಡುವೆ ಮೂರನೇ ದಾರಿ ಒಂದಿದೆ: ಒಳಗಿರುವುದನ್ನಷ್ಟೇ ಹೊರತೆಗೆಯುವುದು. ಮಲ್ಲಂದೂರು ಕಡೆಯ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ಒಬ್ಬರು ಡೆಡ್ ಆದ ಫೋನ್ ತಂದು, "ಫೋನ್ ಹಾಳಾಗ್ಲಿ ಮಾರಾಯ, ಆಳುಗಳ ಹಾಜರಿ ಫೋಟೋ ಎಲ್ಲ ಇದರಲ್ಲೇ ಇದೆ" ಅಂದರು. ಬ್ಯಾಕಪ್ ಇರಲಿಲ್ಲ. ಮೆಮೊರಿ ಐಸಿ (ಚಿಪ್) ಕಿತ್ತು ಬೇರೆ ಬೋರ್ಡಿಗೆ ಕೂರಿಸಬಹುದಲ್ಲ ಅಂತ ಜೊತೆಗೆ ಬಂದ ಹುಡುಗ ಕೇಳಿದ. ಈಗಿನ ಫೋನುಗಳಲ್ಲಿ ಆಗದು. ಒಳಗಿನದ್ದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಗುಪ್ತ ಲಿಪಿಯಲ್ಲಿ ಬೀಗ ಹಾಕಿರುತ್ತದೆ, ಅದರ ಬೀಗದ ಕೈ ಅದೇ ಬೋರ್ಡಿನ ಪ್ರೊಸೆಸರ್‌ನಲ್ಲಿರುತ್ತದೆ. ಆ ಬೋರ್ಡೇ ಏಳಬೇಕು.

ಬೋರ್ಡನ್ನು ಐಪಿಎಯಲ್ಲಿ (ಐಸೋಪ್ರೊಪೈಲ್ ಆಲ್ಕೋಹಾಲ್) ಬ್ರಶ್ ಹಾಕಿ ತೊಳೆದೆ. ಕರೆಂಟ್ ಕೊಟ್ಟಾಗ ಸಾಸಿವೆಗಿಂತ ಸಣ್ಣ ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಬಿಡಿಭಾಗ) ಒಂದು ಬಿಸಿಯಾಗುತ್ತಿತ್ತು. ಅದನ್ನು ತೆಗೆದ ಮೇಲೆ ಫೋನ್ ಎದ್ದಿತು. ಕ್ಯಾಮೆರಾ ಇಲ್ಲ, ನೆಟ್‌ವರ್ಕ್ ಇಲ್ಲ, ಟಚ್ ಮಾತ್ರ ಇತ್ತು. ಅಷ್ಟು ಸಾಕಿತ್ತು. ಎಲ್ಲ ಕಾಪಿ ಮಾಡಿಕೊಟ್ಟು, ಇನ್ನು ಇದಕ್ಕೆ ದುಡ್ಡು ಹಾಕಬೇಡಿ ಸಾರ್ ಅಂದೆ. ಅವರು ಅಲ್ಲಿಂದಲೇ ಹೊಸ ಫೋನ್ ನೋಡಲು ಹೋದರು.

ಫೋನ್ ತೀರಾ ಹಳೆಯದಾದರೆ ಪಾರ್ಟ್ ಸಿಕ್ಕರೂ ಪ್ರಯೋಜನವಿಲ್ಲ. ಆಂಡ್ರಾಯ್ಡ್ 4.4ರಲ್ಲಿ ಈಗ ವಾಟ್ಸಾಪ್ ಓಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ತಾರೀಖು ನೋಡಿ, ನಿಂತು ವರ್ಷಗಳಾಗಿದ್ದರೆ ಅದರಲ್ಲಿ ಫೋನ್‌ಪೇ, ಗೂಗಲ್ ಪೇ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಮತ್ತೆ, ನೀರು ಬಿದ್ದ ಬೋರ್ಡಿಗೆ ನಾನು ಗ್ಯಾರಂಟಿ ಕೊಡುವುದಿಲ್ಲ. ಇವತ್ತು ಎದ್ದದ್ದು ಮುಂದಿನ ತಿಂಗಳು ಮತ್ತೆ ಮಲಗಬಹುದು. ಯಾರಾದರೂ ಕೊಡುತ್ತೇನೆ ಅಂದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.